ಹಂಚು ಇಳಿಸಿದಾಗ ಓದಿದ್ದು

ಹೋದ ವರ್ಷ ಮಾರ್ಚಿನಲ್ಲಿ ನಮ್ಮ ಕ್ರೈಸ್ತ ದೇವಾಲಯದ ಹಂಚು ಇಳಿಸಿದರು. ಇಡೀ ಮಾಡು, ಅಂದರೆ ಚಾವಣಿ, ಬಿಚ್ಚಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಲೆಕ್ಕ ಬರೆಯಲು ಒಬ್ಬರು ಬೇಕು ಎಂದು ನಮ್ಮ ಪಾದ್ರಿ ಅಯ್ಯನವರು ಭಾನುವಾರ ಆರಾಧನೆ ಮುಗಿದ ಮೇಲೆ ಕೇಳಿದರು. ನಾನು ಕೈ ಎತ್ತಿದೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ, ಐದು ದಿನ ಹಿಡಿಯಿತು. ಯಾಕೆಂದರೆ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ನಾನು ಹಂಚು ಎಣಿಸುವುದನ್ನು ಬಿಟ್ಟು ಹಂಚು ಓದಲು ಶುರು ಮಾಡಿದ್ದೆ.

ಹಂಚಿನ ಅಡಿಯಲ್ಲಿ ಅಕ್ಷರ ಇರುತ್ತದೆ. ಮಾಡಿನ ಮೇಲಿರುವಾಗ ಅದು ಯಾರಿಗೂ ಕಾಣುವುದಿಲ್ಲ, ಹೊಗೆ, ಧೂಳು, ಜೇಡರ ಬಲೆ ಎಲ್ಲ ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಉಬ್ಬಿದ ಅಕ್ಷರ ಮೇಲೆ ಬರುತ್ತದೆ. ನಾನು ಮೊದಲು ಒರೆಸಿದ್ದರಲ್ಲಿ ಬಾಸೆಲ್ ಮಿಶನ್ ಎಂದಿತ್ತು. ಅದು ನಿರೀಕ್ಷಿಸಿದ್ದೇ. ನಮ್ಮದು ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟೆಂಟ್ ಮಿಶನ್ನಿನ ಸಭೆ, ಮಂಜೇಶ್ವರಕ್ಕೂ ಕಾಸರಗೋಡಿಗೂ ನಡುವೆ ಒಂದು ಚಿಕ್ಕ ಪೇಟೆಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಆದರೆ ಅದರ ಪಕ್ಕದ ಹಂಚಿನಲ್ಲಿ ಬೇರೆ ಹೆಸರು. ಅದರ ಪಕ್ಕದ್ದರಲ್ಲಿ ಮತ್ತೊಂದು. ಮೇಸ್ತ್ರಿ ನಗುತ್ತಾ, "ಇದೆಲ್ಲ ಒಂದೇ ಕಂಪೆನಿಯದ್ದಲ್ಲ ಮಾರಾಯ್ರೇ, ನಾಲ್ಕು ಜಾತಿ ಉಂಟು" ಎಂದರು. ಅವತ್ತಿನಿಂದ ನಾಲ್ಕು ರಾಶಿ ಹಾಕಿಸಿದೆ. ಕೆಲಸದವರಿಗೆ ಅದು ಸುಮ್ನೆ ಹೆಚ್ಚಿಗೆ ಕೆಲಸ. ಆದರೂ ಯಾರೂ ಬೇಡ ಎನ್ನಲಿಲ್ಲ, ಅದಕ್ಕೆ ಅವರಿಗೆ ನಾನು ಋಣಿ.

ಕಟ್ಟಡದ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಉದ್ದ 60 ಅಡಿ, ಅಗಲ 28. ಗೋಡೆ ಮುರಕಲ್ಲಿನದು, ಮೇಲೆ ಸುಣ್ಣ. ಈ ಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ, ಕೊಡಲಿಯಲ್ಲಿ ಕಡಿದು ತೆಗೆಯಬಹುದು. ಹೊರಗೆ ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತಾ ಹೋಗುತ್ತದೆ. ನಮ್ಮ ಬೇಕಲ ಕೋಟೆಯೂ ಇದೇ ಕಲ್ಲಿನದು. ಇಂಗ್ಲಿಷಿನಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಈ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್ ಬರೆದ, 1807ರಲ್ಲಿ ಅಚ್ಚಾದ ಪ್ರವಾಸ ಕಥನದಿಂದ. ದೇವಾಲಯದಲ್ಲಿ ಗೋಪುರ ಇಲ್ಲ. ಒಂದು ಚಿಕ್ಕ ಗಂಟೆ, ಮುಂದೆ ಒಂದು ಜಗಲಿ, ಒಳಗೆ ಮೂರ್ತಿ ಇಲ್ಲ, ಚಿತ್ರ ಇಲ್ಲ. ಅಯ್ಯನವರು ನಿಂತು ದೇವರ ಮಾತು ಹೇಳುವ ಪ್ರಸಂಗ ಪೀಠ, ಮೇಜು, ಬೆಂಚು. ಹೊರಗಿನಿಂದ ನೋಡಿದವರು ಹಳೇ ಶಾಲೆ ಎಂದುಕೊಳ್ಳುತ್ತಾರೆ.

ನನ್ನ ಹೆಂಡತಿಯ ತವರು ಬೆಳಗಾವಿ ಕಡೆ. ಅವರದು ಮೆಥೋಡಿಸ್ಟ್ ಸಭೆ. ಮದುವೆ ಮಾತುಕತೆಯ ದಿನ ಮಾವನವರು ಕೇಳಿದ ಮೊದಲ ಪ್ರಶ್ನೆಯೇ, "ನೀವೂ ಮೆಥೋಡಿಸ್ಟರೇ ಅಲ್ವಾ? ದೇವಾಲಯ ನೋಡಿದರೆ ಹಾಗೇ ಕಾಣುತ್ತದೆ" ಎಂದು. ಅಲ್ಲ ಎಂದೆ. ಆದರೆ ಕನ್ನಡ ನಾಡಿನ ಪ್ರಾಟೆಸ್ಟೆಂಟರಲ್ಲಿ ಯಾರು ಏನು ಎನ್ನುವುದು ಬಹಳ ಸಲ ನಂಬಿಕೆಗಿಂತ ಜಾಸ್ತಿ ಊರಿನ ಮೇಲೆ ನಿಂತಿದೆ. ನಿಮ್ಮ ಮುತ್ತಜ್ಜ ಯಾವ ಮಿಶನ್ನಿನ ಸೀಮೆಯಲ್ಲಿದ್ದರೋ ನೀವು ಆ ಸಭೆ. ಹಳೇ ಮೈಸೂರಿನಲ್ಲಿ ಇಂಗ್ಲೆಂಡಿನಿಂದ ಬಂದ ವೆಸ್ಲಿಯನ್ ಮೆಥೋಡಿಸ್ಟರು. ಬೀದರ, ಕೋಲಾರದ ಕಡೆ ಅಮೆರಿಕದ ಮೆಥೋಡಿಸ್ಟರು. ಬೆಳಗಾವಿಯಲ್ಲಿ ಮೊದಲು ಇದ್ದದ್ದು ಲಂಡನ್ ಮಿಶನ್, 1904ರಲ್ಲಿ ಅವರು ಅದನ್ನು ಅಮೆರಿಕದ ಮೆಥೋಡಿಸ್ಟರಿಗೆ ಬಿಟ್ಟುಕೊಟ್ಟರು. ಅಂದರೆ ಮಾವನವರ ಹಿರಿಯರು ಒಂದು ದಿನ ಎದ್ದಾಗ ಬೇರೆ ಸಭೆಯವರಾಗಿದ್ದರು, ಕೂರುವ ಬೆಂಚು ಮಾತ್ರ ಅದೇ. ಕರಾವಳಿಗೆ ಬಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನ್ನಿನವರು, ಅವರಲ್ಲಿ ಹೆಚ್ಚಿನವರು ಜರ್ಮನರು. ಆ ಮಿಶನ್ ಹುಟ್ಟಿದ್ದು 1815ರಲ್ಲಿ. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಇಳಿದದ್ದು 1834ರ ಅಕ್ಟೋಬರ್ 30ಕ್ಕೆ. ಆಗ ಕಾಸರಗೋಡು, ಮಂಗಳೂರು ಎಲ್ಲ ಒಂದೇ ಜಿಲ್ಲೆ, ನಡುವೆ ಗಡಿ ಎಂಬುದೇ ಇರಲಿಲ್ಲ.

ಆದರೆ ಮಾವನವರ ಕಣ್ಣು ತಪ್ಪು ನೋಡಿರಲಿಲ್ಲ. ಮೆಥೋಡಿಸ್ಟರೂ ನಮ್ಮವರೂ ಕಟ್ಟಿದ್ದು ಕೇಳುವುದಕ್ಕಾಗಿ. ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1739ರಲ್ಲಿ ಮೊದಲ ಕಟ್ಟಡ ಎಬ್ಬಿಸಿದಾಗ ಅದನ್ನು ಚರ್ಚು ಎಂದು ಕರೆಯಲಿಲ್ಲ, ಹೊಸ ಕೋಣೆ ಎಂದ. ಆಮೇಲೆ ಕಟ್ಟಿದ್ದಕ್ಕೆಲ್ಲ ಪ್ರಸಂಗದ ಮನೆ ಎಂದೇ ಹೆಸರು. ಎಲ್ಲ ಬೆಂಚಿನಿಂದಲೂ ಪೀಠ ಕಾಣಬೇಕು, ಎಲ್ಲರಿಗೂ ಮಾತು ಕೇಳಬೇಕು, ಉಳಿದದ್ದಕ್ಕೆ ದುಡ್ಡು ಸುರಿಯುವ ಹಾಗಿಲ್ಲ. ಬಾಸೆಲಿನವರು ಲೂಥರನ ಕಡೆಯವರೂ ಸ್ವಿಸ್ ಸುಧಾರಣೆಯ ಕಡೆಯವರೂ ಸೇರಿದ ಸಂಘ, ದಾರಿ ಬೇರೆ, ಆದರೆ ಬಂದು ನಿಂತದ್ದು ಅಂಥದೇ ಕೋಣೆಯಲ್ಲಿ. ಇದನ್ನು ಯಾಕೆ ಇಷ್ಟು ಹೇಳಿದೆ ಎಂದರೆ ಮುಂದೆ ಮಾಡಿನ ಜಗಳದಲ್ಲಿ ಇದೇ ಮಾತು ಕೆಲಸಕ್ಕೆ ಬಂತು.

ಈಗ ಹಂಚಿಗೆ ಬರುತ್ತೇನೆ.

ನಮ್ಮ ಹಿರಿಯರು ಹೇಳುತ್ತಿದ್ದ ಪ್ರಕಾರ ಮೊದಲು ಇದ್ದದ್ದು ಮುಳಿಹುಲ್ಲಿನ ಮಾಡು. ವರ್ಷಕ್ಕೊಮ್ಮೆ ಹೊಸ ಹುಲ್ಲು ಹೊದೆಸಬೇಕು, ಬೇಸಿಗೆಯಲ್ಲಿ ಬೆಂಕಿಯ ಹೆದರಿಕೆ, ಮಳೆಗಾಲದಲ್ಲಿ ಹಾವಿನ ಹೆದರಿಕೆ. ಹಂಚು ಬಂದದ್ದು ಮಂಗಳೂರಿನಿಂದ. ಅಲ್ಲಿ ಜೆಪ್ಪುವಿನಲ್ಲಿ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದರ ಹಿಂದೆ ಇದ್ದ ಮನುಷ್ಯ ಗೇಯೋರ್ಗ್ ಪ್ಲೆಬ್ಸ್ಟ್, ಮಿಶನ್ನಿನ ಅಚ್ಚುಕೂಟದಲ್ಲಿ ದುಡಿದವನು. ನೇತ್ರಾವತಿ ದಡದ ಜೇಡಿಮಣ್ಣು ಹಂಚಿಗೆ ಹೇಳಿ ಮಾಡಿಸಿದ್ದು ಎಂದು ಅವನಿಗೆ ಗೊತ್ತಾಯಿತು. ಹಂಚಿನ ಮಾದರಿ ಮಾತ್ರ ಯುರೋಪಿನದು: ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂರುವ ಚಪ್ಪಟೆ ಹಂಚನ್ನು ಅಲ್ಸೇಸ್ ಸೀಮೆಯ ಗಿಲಾರ್ದೋನಿ ಸಹೋದರರು 1841ರಲ್ಲೇ ತಮ್ಮ ಹಕ್ಕು ಮಾಡಿಕೊಂಡಿದ್ದರು. ಅದಕ್ಕೆ ಮೊದಲು ನಮ್ಮಲ್ಲಿ ಇದ್ದದ್ದು ಕುಂಬಾರರ ನಾಡಹಂಚು, ಅರ್ಧ ಕೊಳವೆಯ ಹಾಗೆ ಬಾಗಿದ್ದು. ಮಂಗ ಓಡಾಡಿದರೆ ಜಾರುತ್ತದೆ, ಒಂದರ ಮೇಲೊಂದು ಎರಡು ಪದರ ಬೇಕು, ಭಾರ ಜಾಸ್ತಿ. ಹೊಸ ಹಂಚು ಒಂದೇ ಪದರ ಸಾಕು. ಒಂದು ಚದರ, ಅಂದರೆ 100 ಚದರ ಅಡಿಗೆ, ಸುಮಾರು 150 ಹಂಚು.

ನಮ್ಮ ಮಾಡಿನಲ್ಲಿ ಇದ್ದದ್ದು 3,200ರ ಆಸುಪಾಸು. ಒಂದೊಂದು ಎರಡೂವರೆ ಕಿಲೋ ಎಂದರೂ 8 ಟನ್ ಭಾರ ಇಷ್ಟು ವರ್ಷ ನಮ್ಮ ತಲೆಯ ಮೇಲೆ ಕೂತಿತ್ತು.

ಹಂಚಿನ ಕಾರ್ಖಾನೆ ಯಾಕೆ, ದೇವರ ಮಾತು ಹೇಳಲು ಬಂದವರಿಗೆ ಈ ವ್ಯಾಪಾರ ಯಾಕೆ ಎಂದು ನನ್ನ ಗೆಳೆಯರು ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಕ್ರೈಸ್ತರಾದವರು ಹೆಚ್ಚಿನವರು ಬಡವರು, ನಮ್ಮ ಕಡೆ ಅವರಲ್ಲಿ ಬಿಲ್ಲವರು ಜಾಸ್ತಿ. ದೀಕ್ಷಾಸ್ನಾನ ತೆಗೆದುಕೊಂಡ ಮರುದಿನ ಗೇಣಿ ಭೂಮಿ ಹೋಗುತ್ತಿತ್ತು, ಮನೆ ಹೋಗುತ್ತಿತ್ತು, ಕಳ್ಳು ಇಳಿಸುವ ಕೆಲಸವನ್ನು ಮಿಶನ್ನಿನವರೇ ಬೇಡ ಎನ್ನುತ್ತಿದ್ದರು. ಹಾಗಾದರೆ ಊಟಕ್ಕೇನು? ಅದಕ್ಕೆ ನೇಯ್ಗೆ, ಅಚ್ಚುಕೂಟ, ಬಡಗಿ ಕೆಲಸ, ಕೊನೆಗೆ ಹಂಚು. ನಮ್ಮ ಅಜ್ಜಿಯ ಅಪ್ಪ ಜೆಪ್ಪುವಿನ ಕಾರ್ಖಾನೆಯಲ್ಲಿ ಹಸಿ ಹಂಚನ್ನು ಅಟ್ಟಕ್ಕೆ ಏರಿಸಿ ಒಣಗಿಸುವ ಕೆಲಸದಲ್ಲಿದ್ದರು. ಬೆಳಿಗ್ಗೆ ಗಂಟೆ ಹೊಡೆದರೆ ಮೊದಲು ಪ್ರಾರ್ಥನೆ, ಆಮೇಲೆ ಮಣ್ಣು ಎಂದು ಅಜ್ಜಿ ಹೇಳುತ್ತಿದ್ದರು.

ಇದರಲ್ಲಿ ಒಂದು ಕಷ್ಟವೂ ಇತ್ತು, ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಕೆಲಸ ಕೊಟ್ಟವರೂ ಅವರೇ, ಮನೆ ಕೊಟ್ಟವರೂ ಅವರೇ, ಸಭೆಯಲ್ಲಿ ಇರಬೇಕೋ ಹೊರಗೆ ಹೋಗಬೇಕೋ ಎಂದು ಹೇಳುವವರೂ ಅವರೇ. ತಪ್ಪು ಮಾಡಿದವನಿಗೆ ಒಂದೇ ಏಟಿಗೆ ಮೂರೂ ಹೋಗಬಹುದಿತ್ತು. ಅಜ್ಜಿಯ ಮಾತಿನಲ್ಲಿ ಮಿಶನ್ನಿನವರ ಬಗ್ಗೆ ಪ್ರೀತಿಯೂ ಇತ್ತು, ಒಂದು ಭಯವೂ ಇತ್ತು. ಎರಡೂ ನಿಜ ಎಂದು ನನಗೆ ಅನಿಸುತ್ತದೆ.

ಮೂರನೇ ದಿನ ಯುವಕರ ಕೂಟದ ಹುಡುಗರು ಬಂದರು. ಒಬ್ಬ ಹಂಚು ಒರೆಸಿ, "ಅಣ್ಣಾ, 1868!" ಎಂದು ಕೂಗಿದ. ಎಲ್ಲರೂ ಓಡಿದೆವು. ಅವರು ಆಗಲೇ ದೇವಾಲಯದ ವಯಸ್ಸು ಲೆಕ್ಕ ಹಾಕಿ, ಫೋಟೋ ತೆಗೆದು, ವಾಟ್ಸಾಪಿನಲ್ಲಿ ಹಾಕಲು ಹೊರಟಿದ್ದರು. ನಾನು ತಡೆದೆ. ಆ ಹಂಚು ಅಲ್ಬುಕರ್ಕ್ ಅವರ ಕಾರ್ಖಾನೆಯದು, 1868 ಎನ್ನುವುದು ಆ ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷ ಅಲ್ಲ. ಅದೇ ವರ್ಷ ಹಾಕಿದ ಅಚ್ಚಿನಲ್ಲಿ ಎಷ್ಟೋ ದಶಕ ಹಂಚು ಒತ್ತಿದ್ದಾರೆ. ಹಳೇ ಮನೆ ಇರುವವರು ಇದನ್ನು ನೆನಪಿಟ್ಟುಕೊಳ್ಳಿ, ಹಂಚಿನ ಮೇಲಿನ ವರ್ಷ ನೋಡಿ ಮನೆಯ ವಯಸ್ಸು ಹೇಳಬೇಡಿ. ಹುಡುಗರ ಮುಖ ಸಪ್ಪೆಯಾಯಿತು. ಆದರೆ ಆ ಹಂಚು ಇನ್ನೊಂದು ಒಳ್ಳೆ ಸುದ್ದಿ ಹೇಳುತ್ತದೆ. ಮಿಶನ್ ಕಾರ್ಖಾನೆ ಶುರುವಾದ ಮೂರೇ ವರ್ಷದಲ್ಲಿ ಈ ನಾಡಿನವರೇ ಅದೇ ಕಸುಬು ಕಲಿತು ತಮ್ಮ ಕಾರ್ಖಾನೆ ಹಾಕಿದರು. ಮಂಗಳೂರಿನ ಕಥೋಲಿಕರು ಒತ್ತಿದ ಹಂಚು ಪ್ರಾಟೆಸ್ಟೆಂಟರ ದೇವಾಲಯದ ಮಾಡಿಗೆ ಬಂತು. ಹಂಚು ಒಡೆದಾಗ ಯಾರದ್ದು ಸಿಕ್ಕಿತೋ ಅದನ್ನು ತಂದು ಹಾಕಿದ್ದಾರೆ, ಅಷ್ಟೇ.

ಮೂರನೇ ರಾಶಿ ಕಾಮನ್‌ವೆಲ್ತ್ ಎಂದು ಬರೆದ ಹಂಚುಗಳದು. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬಾಸೆಲಿನ ಜರ್ಮನ್ ಮಿಶನರಿಗಳು ಶತ್ರು ದೇಶದವರಾಗಿಬಿಟ್ಟರು. ಎಷ್ಟೋ ಜನರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳನ್ನು ಸರ್ಕಾರ ಕೈಗೆ ತೆಗೆದುಕೊಂಡಿತು, 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಗೆ ಹೋದವು. ಮಣ್ಣು ಅದೇ, ಕೆಲಸಗಾರರು ಅವರೇ, ಆದರೆ ಅಚ್ಚಿನ ಮೇಲಿನ ಹೆಸರು ಬದಲಾಯಿತು. ಆ ಕಾಲದಲ್ಲಿ ಸಭೆ ನಡೆಸಿದ್ದು ನಮ್ಮ ಊರಿನ ಉಪದೇಶಿಗಳು, ಹಿರಿಯರು. ಅಜ್ಜಿ "ಅಯ್ಯಗಳು ಹೋದ ಮೇಲೆ" ಎಂದು ಮಾತು ಶುರು ಮಾಡುತ್ತಿದ್ದದ್ದು ಈ ಕಾಲದ ಬಗ್ಗೆ ಎಂದು ನನಗೆ ಆ ಹಂಚು ಕೈಯಲ್ಲಿ ಹಿಡಿದಾಗ ಹೊಳೆಯಿತು. ಮಾಡು ಸೋರಿದಾಗ ಯಾರೂ ಬಾಸೆಲಿಗೆ ಕಾಗದ ಬರೆಯುವ ಹಾಗಿರಲಿಲ್ಲ. ತಾವೇ ಕಾಸು ಕೂಡಿಸಿ ಹಂಚು ತಂದಿದ್ದಾರೆ. ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತು, ಹಾಗಾಗಿ ದೋಣಿಗೆ ಕಾಯಬೇಕಾಗಿರಲಿಲ್ಲ.

ನಾಲ್ಕನೆಯದು ಈಚಿನ ಹಂಚು, ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಯಾವ ರಾಶಿ ಮಾಡಿನ ಯಾವ ಕಡೆಯಿಂದ ಬಂತು ಎಂದೂ ಬರೆದಿಟ್ಟಿದ್ದೆ. ಪೂರ್ವದ ಮಾಡಿನಲ್ಲಿ ಮುಕ್ಕಾಲು ಪಾಲು ಹಳೇ ಬಾಸೆಲ್ ಹಂಚು. ಪಶ್ಚಿಮದ ಮಾಡಿನಲ್ಲಿ ಅವು ಬೆರಳೆಣಿಕೆಯಷ್ಟು. ಕಾರಣ ಕೇಳಬೇಕಾಗಿಲ್ಲ, ಪಶ್ಚಿಮಕ್ಕೆ ಕಡಲು. ಜೂನಿನ ಗಾಳಿ ಮೊದಲು ಬಡಿಯುವುದು ಆ ಕಡೆಗೆ, ಪಕ್ಕದ ತೆಂಗಿನ ಮರದ ಕಾಯಿ ಬೀಳುವುದೂ ಆ ಕಡೆಗೇ. ನೂರು ವರ್ಷಕ್ಕೂ ಮಿಕ್ಕಿದ ಮಳೆಗಾಲದ ಲೆಕ್ಕ ಆ ಎರಡು ಇಳಿಜಾರಿನಲ್ಲಿ ಇತ್ತು.

ಇನ್ನು ಜಗಳದ ವಿಷಯ. ಹಂಚು ಇಳಿಸಿದ್ದು ತೊಲೆ, ಪಕ್ಕಾಸು (ಗೋಡೆಯಿಂದ ಮೇಲಕ್ಕೆ ಓರೆಯಾಗಿ ಏರುವ ಮರ), ರೀಪು (ಹಂಚು ಕೂರುವ ಪಟ್ಟಿ) ಗೆದ್ದಲು ಹಿಡಿದಿದೆಯೋ ಎಂದು ನೋಡಲು. ಆದರೆ ಒಬ್ಬ ಗುತ್ತಿಗೆದಾರ ಬಂದು, ಹಂಚು ಪುನಃ ಹಾಕುವುದು ದಂಡ, ತಗಡಿನ ಶೀಟು ಹಾಕಿ, ಮೂವತ್ತು ವರ್ಷ ತಲೆನೋವಿಲ್ಲ, ಹಳೇ ಹಂಚಿಗೆ ರೆಸಾರ್ಟಿನವರಿಂದ ಒಳ್ಳೆ ಬೆಲೆ ಕೊಡಿಸುತ್ತೇನೆ ಎಂದ. ಅವನ ಲೆಕ್ಕ ಸುಳ್ಳಲ್ಲ. ಸಭೆಯಲ್ಲಿ ದುಡ್ಡೂ ಜಾಸ್ತಿ ಇಲ್ಲ. ಹಿರಿಯರ ಕೂಟದಲ್ಲಿ ಅರ್ಧ ಜನ ಹೂಂ ಎಂದರು. ನಾನು ಆ ದಿನ ಎದ್ದು ಮಾತಾಡಿದೆ, ನನಗೆ ಹಾಗೆ ಮಾತಾಡಿ ಅಭ್ಯಾಸ ಇಲ್ಲ, ಕಾಲು ನಡುಗುತ್ತಿತ್ತು. ಚರಿತ್ರೆ, ಪರಂಪರೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೆ ಒಂದೇ ಮಾತು ಕೇಳಿದೆ: ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೋರು ಮಳೆಯ ಆಟಿ ತಿಂಗಳಲ್ಲಿ ತಗಡಿನ ಕೆಳಗೆ ಕೂತು ಯಾರಾದರೂ ಪ್ರಸಂಗ ಕೇಳಿದ್ದೀರಾ? ಹಂಚಿನ ಮೇಲೆ ಮಳೆ ಬಿದ್ದರೆ ಅದು ಒಂದೇ ಸಮ ಸದ್ದು, ಅದರ ನಡುವೆ ಅಯ್ಯನವರ ಮಾತು ಕೇಳುತ್ತದೆ, ಸಂಗೀತ ಹಾಡಬಹುದು. ತಗಡಿನ ಮೇಲೆ ಬಿದ್ದರೆ ಪಕ್ಕದವನು ಕೂಗಿದ್ದೂ ಕೇಳುವುದಿಲ್ಲ. ಕೇಳುವುದಕ್ಕಾಗಿ ಕಟ್ಟಿದ ಮನೆಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಏನೂ ಕೇಳದಿದ್ದರೆ ನಾವು ಅಲ್ಲಿ ಬಂದು ಮಾಡುವುದೇನು?

ಹಿಂದಿನ ಬೆಂಚಿನಲ್ಲಿ ಕೂರುವ, ಕಿವಿ ಸ್ವಲ್ಪ ಮಂದ ಇರುವ ಒಬ್ಬ ಅಮ್ಮ ಮೊದಲು ಕೈ ಎತ್ತಿದರು. ಹಂಚೇ ಇರಲಿ ಎಂದರು. ಆಮೇಲೆ ಉಳಿದವರೂ.

ಮರದ ಕೆಲಸ ಶುರುವಾದಾಗ ಕಂಡದ್ದು ನಾನು ಎಣಿಸಿಯೂ ಇರಲಿಲ್ಲ. ಪಕ್ಕಾಸುಗಳೆಲ್ಲ ಬೋಗಿ ಮರದವು, ಒಂದೊಂದು ಕಡೆ 24. ಪ್ರತಿಯೊಂದರ ಬುಡದಲ್ಲಿ, ಗೋಡೆಯ ಮೇಲೆ ಕೂರುವ ಜಾಗದ ಹತ್ತಿರ, ಉಳಿಯಿಂದ ಕೆತ್ತಿದ ಅಂಕಿ. ೧, ೨, ೩, ೪. ಕನ್ನಡ ಅಂಕಿ. ಹಿಂದೆ ಬಡಗಿಗಳು ಮಾಡನ್ನು ನೆಲದ ಮೇಲೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಆಮೇಲೆ ಮೇಲೇರಿಸುತ್ತಿದ್ದರು. ಯಾವುದು ಎಲ್ಲಿ ಎಂದು ತಪ್ಪಬಾರದಲ್ಲ, ಅದಕ್ಕೆ ಅಂಕಿ. ಪೂರ್ವದ ಕಡೆಗೆ ಬರೀ ಅಂಕಿ, ಪಶ್ಚಿಮದ ಕಡೆಗೆ ಅಂಕಿಯ ಪಕ್ಕ ಒಂದು ಚುಕ್ಕೆ. ೬ ಮತ್ತು ೯ ಗೊಂದಲ ಆಗದ ಹಾಗೆ ಎರಡರ ಕೆಳಗೂ ಒಂದು ಗೀಟು. ನಾನು ಏಣಿಯ ಮೇಲೆ ನಿಂತು ೧೮ನ್ನು ಬೆರಳಿನಿಂದ ಸವರಿದೆ. ೮ರ ಬಾಲವನ್ನು ಆ ಮನುಷ್ಯ ಎಷ್ಟು ಚಂದ ಎಳೆದಿದ್ದ ಎಂದರೆ, ಯಾರೂ ನೋಡದ ಜಾಗ ಅದು, ಒಮ್ಮೆ ಹಂಚು ಕೂತರೆ ಮುಗಿಯಿತು.

ಕಾಸರಗೋಡಿನವರಿಗೆ ಇದು ಯಾಕೆ ದೊಡ್ಡದು ಎಂದು ಹೊರಗಿನವರಿಗೆ ಹೇಳಬೇಕಾಗುತ್ತದೆ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಹೋಯಿತು. ಅಂದಿನಿಂದ ನಾವು ಇಲ್ಲಿ ಕನ್ನಡ ಇತ್ತು, ಇದೆ ಎಂದು ಅರ್ಜಿ ಬರೆಯುತ್ತಲೇ ಇದ್ದೇವೆ, ಬೋರ್ಡಿಗೆ, ಶಾಲೆಗೆ, ಫಾರಮ್ಮಿಗೆ. ಮಲಯಾಳ ಮಾತಾಡುವವರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಸಭೆಯಲ್ಲೇ ಅರ್ಧ ಮನೆಗಳಲ್ಲಿ ಈಗ ಅದೂ ಉಂಟು, ತುಳುವೂ ಉಂಟು. ಭಾನುವಾರದ ಆರಾಧನೆ ಮಾತ್ರ ಇನ್ನೂ ಕನ್ನಡದಲ್ಲಿ. ಜರ್ಮನ್ ರಾಗಕ್ಕೆ ಕೂರಿಸಿದ ಹಳೇ ಕನ್ನಡ ಸಂಗೀತಗಳನ್ನು ಹಾಡುತ್ತೇವೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಇಬ್ಬರೂ ಇದೇ ಮಿಶನ್ನಿನವರು, ಅವರ ಹೆಸರು ಎಲ್ಲ ಭಾಷಣದಲ್ಲೂ ಬರುತ್ತದೆ, ಬರಲಿ. ಪಕ್ಕಾಸಿನ ಮೇಲೆ ಅಂಕಿ ಕೆತ್ತಿದವನು ಯಾವ ಭಾಷಣದಲ್ಲೂ ಬಂದಿಲ್ಲ. ಅವನಿಗೆ ಕನ್ನಡ ಎಂದರೆ ಅಭಿಮಾನದ ವಿಷಯ ಆಗಿರಲಿಲ್ಲ, ಕೆಲಸದ ಅಂಕಿ ಅಷ್ಟೇ. ಅದೇ ನನಗೆ ದೊಡ್ಡ ಸಾಕ್ಷಿ.

ಕೆಲವರು ಕೇಳುತ್ತಾರೆ, ಬಾಸೆಲ್, ವೆಸ್ಲಿಯನ್ ಎಂಬ ಈ ಹೆಸರುಗಳು ಈಗ ಎಲ್ಲಿವೆ ಎಂದು. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಮೈಸೂರಿನ ವೆಸ್ಲಿಯನ್ನರು ಅದಕ್ಕೆ ಸೇರಿದರು, ಮಂಗಳೂರಿನ ಬಾಸೆಲ್ ಸಭೆಗಳೂ ಇವತ್ತು ಅದರಲ್ಲೇ ಇವೆ. ಅಮೆರಿಕದ ಮೆಥೋಡಿಸ್ಟರು ಸೇರಲಿಲ್ಲ, ಹಾಗಾಗಿ ಮಾವನವರ ಬೆಳಗಾವಿಯಲ್ಲಿ ಬೋರ್ಡಿನ ಮೇಲೆ ಇನ್ನೂ ಮೆಥೋಡಿಸ್ಟ್ ಎಂದೇ ಇದೆ. ನಮ್ಮಲ್ಲಿ ಬೋರ್ಡಿನ ಮೇಲೆ ಏನೇ ಇದ್ದರೂ ಊರಿನವರ ಬಾಯಲ್ಲಿ ಅದು ಮಿಶನ್ ದೇವಾಲಯ. ಬಸ್ಸಿನ ಕಂಡಕ್ಟರೂ "ಮಿಶನ್, ಮಿಶನ್" ಎಂದೇ ಇಳಿಸುತ್ತಾನೆ.

ಎಲ್ಲ 48 ಪಕ್ಕಾಸಿನಲ್ಲಿ ಹೋದದ್ದು ಮೂರು. ಪಶ್ಚಿಮದ ೭, ೧೧, ೧೨. ತೆಂಗಿನಕಾಯಿ ಬಿದ್ದು ಹಂಚು ಒಡೆದು ನೀರು ಇಳಿದ ಜಾಗ. ಹೊಸ ಮರ ಬೋಗಿ ಸಿಗಲಿಲ್ಲ, ಹಲಸು ತಂದೆವು. ಹೊಸ ಬಡಗಿ ಪಯ್ಯನ್ನೂರು ಕಡೆಯ ಹುಡುಗ, ಇಪ್ಪತ್ತೈದೂ ಆಗಿರಲಿಕ್ಕಿಲ್ಲ, ಕನ್ನಡ ಬರುವುದಿಲ್ಲ. ಹಳೇ ಪಕ್ಕಾಸು ಇಳಿಸಿ ಅಳತೆ ತೆಗೆಯುವಾಗ ಅಂಕಿಯ ಮೇಲೆ ಬೆರಳಿಟ್ಟು ಇದೇನು ಎಂದು ಮಲಯಾಳದಲ್ಲಿ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟು, "ಬರೆದುಕೊಡಿ ಚೇಟ್ಟಾ" ಎಂದ.

ಹೊಸ ಹಲಸಿನ ಮರದ ಬುಡದಲ್ಲಿ ೭ ಎಂದು ಬರೆದೆ, ಪಕ್ಕ ಒಂದು ಚುಕ್ಕೆ ಇಟ್ಟೆ. ಅವನು ಉಳಿ ಹಿಡಿದು ನನ್ನ ಗೀಟಿನ ಮೇಲೇ ನಿಧಾನಕ್ಕೆ ಕೆತ್ತಿದ. ೧೧ಕ್ಕೂ ೧೨ಕ್ಕೂ ಪೆನ್ಸಿಲ್ ಬೇಕಾಗಲಿಲ್ಲ, ಹಳೇ ಮರ ಪಕ್ಕದಲ್ಲಿಟ್ಟುಕೊಂಡು ನೋಡಿಯೇ ಕೆತ್ತಿದ. ಮೇ ಕೊನೆಯ ವಾರ ಹಂಚು ಕೂತಿತು.